ಹನಿ ಬೀಳುವ ಏರು

ಜಪಾನಿನ ಪಶ್ಚಿಮ ಕಡಲತೀರದ ಯುಕಿಹಾಮ ಪಟ್ಟಣದಲ್ಲಿ ಮೀನುಪೇಟೆಯಿಂದ ಹಳೆಯ ಕೋಟೆಗೆ ಹತ್ತುವ ಕಲ್ಲುಹಾಸಿನ ಓಣಿಗೆ ಶಿಜುಕುಜಾಕ ಎಂದು ಹೆಸರು. ಹನಿಗಳ ಏರು ಎಂದರ್ಥ. ಈ ಊರಲ್ಲೇ ತಲೆ ನರೆತಿರುವ ನನಗೆ, ಶನಿವಾರ ಬೆಳಿಗ್ಗೆ ಬಂದು ಭಾನುವಾರ ಸಂಜೆಯ ರೈಲು ಹಿಡಿಯುವ ಕನ್ನಡಿಗರಿಗೆ ಊರು ತೋರಿಸುವುದು ಒಂದು ಕೆಲಸವೇ ಆಗಿಬಿಟ್ಟಿದೆ. ಮೊದಲ ದಿನ ಪೇಟೆಯಲ್ಲಿ ಏಡಿ, ಹಸಿಮೀನಿಟ್ಟ ಅನ್ನ. ಸಸ್ಯಾಹಾರಿಗಳಿಗೆ ಬಿಸಿ ತೋಫು, ಅದರ ಮೇಲೆ ಅವರೇ ಚೀಲದಿಂದ ತೆಗೆದು ಉದುರಿಸಿಕೊಳ್ಳುವ ಚಟ್ನಿಪುಡಿ. ಮರುದಿನ ಕೋಟೆ, ಉದ್ಯಾನ, ಚಹಾಮನೆ. ಕೊನೆಗೆ ಈ ಏರಿನ ನಡುವೆ ಮಾತ್ಸುನೊ ಎಂಬ ಮುದುಕಿಯ ಅಂಗಡಿಯಲ್ಲಿ ಹೆರೆದ ಮಂಜುಗಡ್ಡೆ. ನಮ್ಮ ಐಸ್ ಗೋಲಾದ ದೂರದ ನೆಂಟ. ಆದರೆ ಆಕೆ ಮೊದಲ ಚಮಚವನ್ನು ಗಿರಾಕಿಗೆ ಕೊಡುವುದಿಲ್ಲ, ಹೊಸ್ತಿಲ ಪಕ್ಕದ ಮಣ್ಣಿನ ಬಟ್ಟಲಿಗೆ ಹಾಕುತ್ತಾಳೆ. ಏಕೆಂದು ಕೇಳಿದವರಿಗೆ ಆಕೆ ಹೇಳುವ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಊರನ್ನು ದೊರೆಗಳು ಆಳುತ್ತಿದ್ದ ಕಾಲದಲ್ಲಿ, ಚಳಿಗಾಲದ ಹಿಮವನ್ನು ಬೆಟ್ಟದ ಗುಂಡಿಗಳಲ್ಲಿ ತುಳಿದು ತುಂಬಿ, ಹುಲ್ಲು ಮುಚ್ಚಿಟ್ಟು, ನಡುಬೇಸಿಗೆಯಲ್ಲಿ ಗಡ್ಡೆಯಾಗಿ ಕಡಿದು ಕೋಟೆಗೆ ಹೊತ್ತು ತರುತ್ತಿದ್ದರಂತೆ. ಅದು ದೊರೆಯ ಬಾಯಿಗಲ್ಲದೆ ಬೇರೆಯವರಿಗೆ ಸಲ್ಲದು. ಹೊರುವವರು ಬಾಗಿಲಲ್ಲಿ ಹೊರೆ ಇಳಿಸಿ ಮರಳಬೇಕು. ಒಳಗೆ ಅದನ್ನು ತಕ್ಕಡಿಗೆ ಹಾಕುತ್ತಾರೆ, ಕಡಿಮೆ ಬಂದರೆ ಹೊತ್ತವನ ತಲೆ ಹೋಗುತ್ತದೆ ಎಂದು ಊರೆಲ್ಲ ನಂಬಿತ್ತು. ಹೊರುವವರಲ್ಲಿ ಜಿನ್ಪಾಚಿ ಎಂಬವನು ಹೆಸರುವಾಸಿ. ಅವನು ಬಿದಿರೆಲೆ, ಹುಲ್ಲು ಸುತ್ತಿ ಕಟ್ಟಿದ ಹೊರೆಯಿಂದ ಕೋಟೆ ಮುಟ್ಟುವವರೆಗೆ ಒಂದು ಹನಿಯೂ ಬೀಳುತ್ತಿರಲಿಲ್ಲ ಎನ್ನುತ್ತಾರೆ. ಅವನಿಗೆ ಅದರ ಜಂಬವೂ ಇತ್ತು, ಇರಬೇಕಾದದ್ದೇ.

ಅವನ ಮನೆ ಇದೇ ಏರಿನಲ್ಲಿತ್ತು. ಒಂದು ವರ್ಷ ಅವನು ಬೆಟ್ಟಕ್ಕೆ ಹೋಗಿದ್ದಾಗ ಪುಟ್ಟ ಮಗಳು ಚಿಯೊಗೆ ಜ್ವರ ಏರಿತು. ಅಪ್ಪ ತರುವ ಮಂಜುಗಡ್ಡೆ ಬೇಕೆಂದು ಮಗು ಒಂದೇ ಸಮನೆ ಕನವರಿಸಿತು. ಹೊರೆ ಬರುವುದನ್ನು ಕಂಡದ್ದೇ ಹೆಂಡತಿ ಸಾಯೊ ಮಗುವಿನ ಬಳಿ ನೆರೆಮನೆಯವಳನ್ನು ಕೂರಿಸಿ, ಬಟ್ಟಲು ಹಿಡಿದು ಬೀದಿಗೆ ಓಡಿದಳು. ಗಂಡನ ಹಿಂದೆಯೇ ಕತ್ತಿ ಕಟ್ಟಿದ ಕಾವಲಿನ ಅಧಿಕಾರಿ. ಹೊರೆ ಇಳಿಸುವಂತಿಲ್ಲ, ಬಿಚ್ಚುವಂತಿಲ್ಲ, ನಿಲ್ಲುವಂತೆಯೂ ಇಲ್ಲ. ಸಾಯೊ ಅಧಿಕಾರಿಗೆ ತಲೆಬಾಗಿ, "ನೆಲಕ್ಕೆ ಬೀಳೋ ಹನಿ ದೊರೆಗಳದ್ದಲ್ಲವಲ್ಲ ಸ್ವಾಮಿ, ಅದನ್ನಾದ್ರೂ ಹಿಡ್ಕೋತೀನಿ" ಎಂದಳು. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹೊರೆಯ ಕೆಳಗೆ ಬಟ್ಟಲು ಹಿಡಿದು ಅವಳು ಗಂಡನ ಜೊತೆಗೇ ಏರು ಹತ್ತಿದಳು. ಹನಿ ಬೀಳಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದ.

ಜಿನ್ಪಾಚಿ ನೆರಳು ಬಿಟ್ಟು ಬಿಸಿಲಿನ ಮಗ್ಗುಲಿಗೆ ಸರಿದ. ಹೆಜ್ಜೆ ನಿಧಾನ ಮಾಡಿದ, ಬೇಕೆಂದೇ ಎಡವಿದ, ಹೊರೆಯನ್ನು ಕುಲುಕಿದ. ಅಧಿಕಾರಿ ಚಪ್ಪಲಿಯ ದಾರ ಬಿಗಿಯುವ ನೆಪದಲ್ಲಿ ಹಿಂದೆ ಉಳಿದನಂತೆ. ಕೋಟೆಯ ಬಾಗಿಲು ಕಾಣುವ ಹೊತ್ತಿಗೆ ಮೊದಲ ಹನಿ ಬಿತ್ತು. ಬಟ್ಟಲಿನ ತಳ ಮುಚ್ಚುವಷ್ಟಾದಾಗ ಸಾಯೊ ಅದನ್ನು ಎದೆಗವುಚಿಕೊಂಡು ಕೆಳಗೆ ಓಡಿದಳು. ಅಷ್ಟರಲ್ಲಿ ನೆರೆಮನೆಯವಳು ಮಗುವಿನ ಕಣ್ಣು ಮುಚ್ಚಿದ್ದಳು. ಆ ನೀರನ್ನು ಏನು ಮಾಡಬೇಕೆಂದು ತಿಳಿಯದೆ ಸಾಯೊ ಬಟ್ಟಲನ್ನು ಹೊಸ್ತಿಲ ಪಕ್ಕದಲ್ಲಿಟ್ಟಳು.

ಇತ್ತ ಜಿನ್ಪಾಚಿ ಆ ದಿನ ಬಾಗಿಲಿಂದ ಮರಳಲಿಲ್ಲ. ತೂಕ ಕಡಿಮೆ ಬಂದೇ ಬರುತ್ತದೆ, ತಪ್ಪೊಪ್ಪಿಕೊಂಡುಬಿಡುತ್ತೇನೆ ಎಂದು ಮಂಡಿಯೂರಿ ಕಾದ. ಎಷ್ಟು ಹೊತ್ತಾದರೂ ಯಾರೂ ಕರೆಯಲಿಲ್ಲ. ಕೊನೆಗೆ ಹೊರಬಂದ ಅಡುಗೆಮನೆಯ ಆಳನ್ನು ತೂಕ ಎಷ್ಟಾಯಿತೆಂದು ಕೇಳಿದ. "ಕರಗಿ ಹೋಗೋದನ್ನ ಯಾರಪ್ಪ ತೂಗ್ತಾರೆ? ಯಾವತ್ತೂ ತೂಗಿಲ್ಲ" ಎಂದು ಆಳು ನಕ್ಕನಂತೆ. ಅಂದರೆ ಮನೆಯ ಮುಂದೆಯೇ ಒಂದು ಹಿಡಿ ಮುರಿದು ಕೊಡಬಹುದಿತ್ತು. ಈ ಮಾತು ಬಂದಾಗ ಮಾತ್ಸುನೊ ತಲೆಯೆತ್ತುವುದಿಲ್ಲ.

ಮರುವರ್ಷದಿಂದ ಜಿನ್ಪಾಚಿ ಹೊರೆಯನ್ನು ಸಡಿಲವಾಗಿ ಕಟ್ಟತೊಡಗಿದ. ಜ್ವರದ ಮಕ್ಕಳಿದ್ದ ತಾಯಂದಿರು ಬಟ್ಟಲು ಹಿಡಿದು ಅವನ ಎರಡೂ ಮಗ್ಗುಲಲ್ಲಿ ನಡೆಯುತ್ತಿದ್ದರು. ಅವನು ಹಾದ ಮೇಲೆ ಕಲ್ಲುಗಳು ಬಹಳ ಹೊತ್ತು ಒದ್ದೆಯಾಗಿರುತ್ತಿದ್ದವು. ಏರಿಗೆ ಹೆಸರು ಬಂದದ್ದು ಹಾಗೆ. ಮಂಜುಗಡ್ಡೆ ಕಟ್ಟಲು ಬಾರದವನು ಎನಿಸಿಕೊಂಡೇ ಅವನು ಸತ್ತ ಎನ್ನುತ್ತಾರೆ.

ಇಂದಿಗೂ ಬೇಸಿಗೆಯಲ್ಲಿ ಇಲ್ಲಿನ ಮನೆಗಳ ಮುಂದೆ ಹುಲ್ಲು ಸುತ್ತಿದ ಮಂಜುಗಡ್ಡೆ ತೂಗುಹಾಕಿ ಕೆಳಗೆ ಬಟ್ಟಲಿಡುತ್ತಾರೆ. ಬಂದವರು ಫೋಟೋ ತೆಗೆದುಕೊಂಡು ಇಳಿಯುತ್ತಾರೆ. ಹೋದ ಬೇಸಿಗೆ ಹಾಸನದಿಂದ ಪದ್ಮಾಂಬ ಎಂಬುವರು ಬಂದಿದ್ದರು. ಉಪ್ಪಿಲ್ಲ, ಖಾರವಿಲ್ಲ ಎಂದು ಎರಡು ದಿನವೂ ಗೊಣಗಿ ನನ್ನ ಜೀವ ತಿಂದಿದ್ದರು. ಕಥೆ ಮುಗಿದಾಗ ಅವರು ಎದ್ದುಹೋಗಿ, ಬಾಯಿಗೂ ಮುಟ್ಟಿಸದ ತಮ್ಮ ಪಾಲನ್ನೆಲ್ಲ ಹೊಸ್ತಿಲ ಬಟ್ಟಲಿಗೆ ಸುರಿದು, ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಅದು ಕರಗಿ, ಬಟ್ಟಲು ತುಂಬಿ, ನೀರು ಕಲ್ಲಿನ ಮೇಲೆ ಇಳಿಯತೊಡಗಿತು. ರೈಲಿಗೆ ಹೊತ್ತಾಯಿತೆಂದು ನಾನೂ ಹೇಳಲಿಲ್ಲ, ಅವರೂ ಏಳಲಿಲ್ಲ.