ಬೆಲ್ಲದ ವ್ಯಾಪಾರಿಯ ಕಡಲು

“ಉಸ್ತಾದರೇ, ನಾನು ತೆಗೆದ ಗರಡಿಯಲ್ಲಿ ಯಾಕೆ ಯಾರೂ ನಿಲ್ಲುವುದಿಲ್ಲ?”

ನಾನು ಹೀಗೆ ಕೇಳಿದ್ದು ನನಗೆ ಕುಸ್ತಿ ಕಲಿಸಿದ ಉಸ್ತಾದ್ ಚಿಕ್ಕಬೋರಯ್ಯನವರನ್ನು. ಕೇಳುವಾಗಲೂ ನನ್ನ ಬೆನ್ನು ನೆಟ್ಟಗೇ ಇತ್ತು. ಸುತ್ತಿನ ಹನ್ನೆರಡು ಹಳ್ಳಿಗಳಲ್ಲಿ ಈ ಬೆನ್ನು ಮಣ್ಣು ಮುಟ್ಟಿದ್ದನ್ನು ಕಂಡವರಿಲ್ಲ. ಇದು ಜಂಬದ ಮಾತಲ್ಲ, ಯಾರನ್ನು ಬೇಕಾದರೂ ಕೇಳಿ ನೋಡಿ.

ಉಸ್ತಾದರು ಅಖಾಡದ ಕೆಮ್ಮಣ್ಣನ್ನು ಸಲಿಕೆಯಿಂದ ತಿರುವಿ ಹಾಕುತ್ತಿದ್ದರು. ತಲೆ ಎತ್ತದೆ, “ಹೇಗೆ ಕಲಿಸಿದೆ ಜವರ?” ಎಂದರು.

“ನಾನು ಮಾಡುವುದನ್ನೇ ಮಾಡಿಸಿದೆ. ಮೊದಲ ದಿನವೇ ಐನೂರು ದಂಡ, ಸಾವಿರ ಬಸ್ಕಿ. ನನ್ನನ್ನು ನಿಲ್ಲಿಸಿದ್ದು ಅದೇ ತಾನೇ? ಇಪ್ಪತ್ಮೂರು ಜನ ಬಂದರು. ಇಪ್ಪತ್ತೆರಡು ಜನ ಹೋದರು. ಈಗಿನವರಿಗೆ ಮೈಯಲ್ಲಿ ಕಸುವಿಲ್ಲ.”

“ಉಳಿದವನು ಯಾರು?”

“ಕುಂಬಾರ ಕೇರಿಯ ಮುದ್ದಯ್ಯ. ಅವನು ಉಳಿದದ್ದನ್ನು ಉಳಿದದ್ದು ಎನ್ನಲಾಗದು. ಮೂವತ್ತು ದಂಡಕ್ಕೆ ಮುಖ ಮಣ್ಣಿಗಿಡುತ್ತಾನೆ. ಆಮೇಲೆ ಮೊಣಕಾಲು ತಬ್ಬಿಕೊಂಡು ಗೋಡೆಗೊರಗಿ ಕೂರುತ್ತಾನೆ. ಮಾತಾಡುವುದಿಲ್ಲ. ಎದ್ದೂ ಹೋಗುವುದಿಲ್ಲ. ಮಾರನೆಯ ದಿನ ಮತ್ತೆ ಬರುತ್ತಾನೆ.”

ದಸರೆಯ ಕುಸ್ತಿಗೆ ನಮ್ಮ ಗರಡಿಯಿಂದ ಒಬ್ಬನಾದರೂ ಇಳಿಯದಿದ್ದರೆ ಆ ಮನೆಯನ್ನು ಗೊಬ್ಬರದ ಗೋದಾಮು ಮಾಡುತ್ತೇವೆಂದು ಊರಿನ ಹಿರಿಯರು ಹೇಳಿಬಿಟ್ಟಿದ್ದರು. ಅದನ್ನೂ ಹೇಳಿದೆ. “ನಾಳೆ ಮುದ್ದಯ್ಯನನ್ನೂ ಮನೆಗೆ ಕಳಿಸಿ ನಾನೇ ಬಾಗಿಲು ಹಾಕುತ್ತೇನೆ. ಅವರು ಹಾಕುವ ಮೊದಲು ನಾನು ಹಾಕಿದರೆ ಮರ್ಯಾದೆ ಉಳಿಯುತ್ತದೆ” ಎಂದೆ.

ಉಸ್ತಾದರು ಸಲಿಕೆ ಕೆಳಗಿಟ್ಟರು. ಅಖಾಡದ ಕಟ್ಟೆಯ ಮೇಲೆ ಕೂತರು. “ಕೂತುಕೋ. ಒಬ್ಬ ಬೆಲ್ಲದ ವ್ಯಾಪಾರಿ ಮನೆಯಲ್ಲಿ ಕಡಲು ಸಾಕಿದ ಕತೆ ಹೇಳುತ್ತೇನೆ” ಎಂದರು.

“ಗರಡಿಗೂ ಕಡಲಿಗೂ ಏನು ಸಂಬಂಧ?”

“ಕತೆ ಮುಗಿದ ಮೇಲೆ ನೀನೇ ಹೇಳುವೆಯಂತೆ.”

ಬಯಲುಸೀಮೆಯ ಒಬ್ಬ ಬೆಲ್ಲದ ವ್ಯಾಪಾರಿ ಕಡಲ ದಡದ ಮೀನುಗಾರನ ಮಗಳನ್ನು ಮೆಚ್ಚಿದ. ಹೆಣ್ಣು ಕೇಳಲು ಹೋದ. ಮೀನುಗಾರ ಒಪ್ಪಲಿಲ್ಲ. “ಕಡಲು ಕಾಣದ ಊರಿಗೆ ಮಗಳನ್ನು ಕೊಡುವುದಿಲ್ಲ” ಎಂದ. ವ್ಯಾಪಾರಿಗೆ ಆಗ ನಿನ್ನದೇ ವಯಸ್ಸು. “ಅಷ್ಟೇ ತಾನೇ? ಕಡಲನ್ನೇ ತಂದು ನಡುಮನೆಯಲ್ಲಿ ಇಡುತ್ತೇನೆ” ಎಂದ. ಮೀನುಗಾರನಿಗೆ ನಗು ಬಂತು. ನಕ್ಕ ಮೇಲೆ ಇಲ್ಲವೆನ್ನಲಾಗಲಿಲ್ಲ. ಹೆಣ್ಣು ಕೊಟ್ಟ.

ಹತ್ತು ವರ್ಷ ಬೆಲ್ಲ ಮಾರುವುದರಲ್ಲೇ ಹೋಯಿತು. ಮಾವ ಒಂದು ಸಲವೂ ಮಗಳ ಮನೆಗೆ ಬರಲಿಲ್ಲ. ಕೊನೆಗೊಂದು ದಿನ ಹೇಳಿಕಳಿಸಿದ. “ಮುಂದಿನ ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದ ಮೇಲೆ ಬರುತ್ತೇನೆ. ನಿನ್ನ ಗಂಡನ ಕಡಲನ್ನು ನೋಡಬೇಕು.” ಹೆಂಡತಿ ನಕ್ಕಳು. ವ್ಯಾಪಾರಿ ನಗಲಿಲ್ಲ. ಆಡಿದ ಮಾತು ಹತ್ತು ವರ್ಷದಿಂದ ಅವನ ಗಂಟಲಲ್ಲೇ ಇತ್ತು.

ಪಟ್ಟಣದಲ್ಲಿ ಹವಳ ಬೆಳೆಸುವವನೊಬ್ಬನಿದ್ದ. ಅವನು ಕಡಲಿನಿಂದ ಕಿತ್ತು ತರುವವನಲ್ಲ, ಗಾಜಿನ ತೊಟ್ಟಿಯಲ್ಲೇ ಬೆಳೆಸಿ ಮಾರುವವನು. ವ್ಯಾಪಾರಿ ಅವನಲ್ಲಿಗೆ ಹೋಗಿ, “ನಡುಮನೆಯಲ್ಲಿ ಕಡಲು ಇಡಬೇಕು. ನಾನು ಇದುವರೆಗೆ ಒಂದು ಮೀನನ್ನೂ ಸಾಕಿದವನಲ್ಲ. ಆದರೆ ಮಾಡಿದರೆ ದೊಡ್ಡದನ್ನೇ ಮಾಡುವವನು” ಎಂದ.

“ದೊಡ್ಡದೇ ಒಳ್ಳೆಯದು. ನೀರು ಹೆಚ್ಚಿದ್ದಷ್ಟೂ ಕೆಡುವುದು ನಿಧಾನ. ತಪ್ಪು ಮಾಡಿದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ” ಎಂದ ಹವಳ ಬೆಳೆಸುವವನು. “ಮರಳು, ಕಲ್ಲು, ಉಪ್ಪುನೀರು ಹಾಕಿ ಪಂಪು ಓಡಿಸಿ. ಆಮೇಲೆ ಆರು ವಾರ ಏನೂ ಬಿಡಬೇಡಿ. ದಿನಕ್ಕೊಂದು ಚಿಟಿಕೆ ಮೀನಿನ ಮೇವು ಹಾಕುತ್ತಿರಿ, ಅಷ್ಟೇ. ಅದು ಕೊಳೆಯಬೇಕು. ಕೊಳೆತದ್ದನ್ನು ತಿನ್ನುವ ಜೀವಗಳು ಕಲ್ಲಿನಲ್ಲಿ ಮನೆ ಮಾಡಬೇಕು. ಅವು ಕಣ್ಣಿಗೆ ಕಾಣುವುದಿಲ್ಲ. ಅವು ಬರುವ ಮೊದಲು ಮೀನು ಬಿಟ್ಟರೆ ತನ್ನ ಹೊಲಸಿನಲ್ಲೇ ಸಾಯುತ್ತದೆ.”

ವ್ಯಾಪಾರಿ ದಡ್ಡನಲ್ಲ. ಹೇಳಿದ್ದೆಲ್ಲವನ್ನೂ ಮಾಡಿದ. ಭಾರ ತಡೆಯಲು ಕಲ್ಲಿನ ಕಟ್ಟೆ ಕಟ್ಟಿಸಿದ. ಅದರ ಮೇಲೆ ಆಳುದ್ದದ ಗಾಜಿನ ತೊಟ್ಟಿ ಇಟ್ಟ. ಕರೆಂಟು ಹೋದರೂ ಪಂಪು ನಿಲ್ಲದಂತೆ ಬ್ಯಾಟರಿ ಇಟ್ಟ. ಸೋಸಿದ ನೀರಿಗೆ ಕಡಲಿನ ಉಪ್ಪನ್ನು ಅಳತೆಗೆ ಸರಿಯಾಗಿ ಕಲಸಿದ. ಮೀನಿಲ್ಲದ ತೊಟ್ಟಿಗೆ ಪ್ರತಿದಿನ ಮೇವು ಹಾಕಿದ. ಊರಿನವರು ಕಿಟಕಿಯಿಂದ ಇಣುಕಿ, “ಏನು ಯಜಮಾನರೇ, ಇಲ್ಲದ ಮೀನು ದಪ್ಪಗಾಗಿವೆಯೇ?” ಎಂದು ಕೇಳುತ್ತಿದ್ದರು. “ನಿಮಗಿಂತ ಕಡಿಮೆ ತಿನ್ನುತ್ತವೆ” ಎನ್ನುತ್ತಿದ್ದ.

ಕಲ್ಲು ಮೊದಲು ಕಂದಾಯಿತು, ಆಮೇಲೆ ಹಸಿರಾಯಿತು. ಆರು ವಾರ ಕಳೆದ ಮೇಲೆ ಬಸವನಹುಳುಗಳನ್ನು ತಂದು ಬಿಟ್ಟ. ಮತ್ತಷ್ಟು ದಿನ ಬಿಟ್ಟು ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ಬಂದವು. ಆಮೇಲೆ ಸೀಗಡಿ. ಎಲ್ಲಕ್ಕಿಂತ ಕೊನೆಗೆ ಹವಳದ ತುಂಡುಗಳು. ಅವು ಒಂದೊಂದಾಗಿ ಅರಳಿದ ದಿನ ಹೆಂಡತಿ ಒಲೆಯ ಮೇಲಿನ ಹಾಲು ಮರೆತು ತೊಟ್ಟಿಯ ಮುಂದೆ ನಿಂತಳು. ಹಾಲು ಉಕ್ಕಿ ಒಲೆ ಆರಿತು. ಅಂದು ಆ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ.

ಹವಳ ಬೆಳೆಸುವವನು ಕೊನೆಯದಾಗಿ ಹೇಳಿದ್ದು ಒಂದು ಮಾತು. “ತೊಟ್ಟಿಯ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಆರಿದಷ್ಟು ಸಿಹಿನೀರನ್ನು ದಿನವೂ ತುಂಬಿ. ಸೋಸಿದ ನೀರನ್ನೇ ತುಂಬಿ.”

ವ್ಯಾಪಾರಿ ಇಲ್ಲಿ ಒಂದು ಹೆಜ್ಜೆ ಮುಂದೆ ಹೋದ. ಅವನ ಮನೆಯಲ್ಲಿ ತಾಮ್ರದ ಬಿಂದಿಗೆ ಇತ್ತು. ಅವನ ಅಜ್ಜನೂ ಅಪ್ಪನೂ ಅದರ ನೀರು ಕುಡಿದೇ ತೊಂಬತ್ತು ದಾಟಿದವರು. ಅವನಿಗೂ ಒಂದು ದಿನ ತಲೆನೋವು ಬಂದದ್ದಿಲ್ಲ. ಸೋಸಿದ ನೀರನ್ನು ಅವನು ಆ ಬಿಂದಿಗೆಯಲ್ಲಿ ತುಂಬಿಟ್ಟು, ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ತೊಟ್ಟಿಗೆ ಸುರಿಯುತ್ತಿದ್ದ. ಆ ಕೆಲಸವನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಎರಡು ತಿಂಗಳಿಗೆ ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು. ಆಮೇಲೆ ಸೀಗಡಿಗಳು ಮಗ್ಗುಲಾದವು. ಆಮೇಲೆ ಹವಳ ಕುಗ್ಗಿತು, ಬಿಳಿಚಿತು, ಕರಗಿತು. ಮೀನುಗಳಿಗೆ ಮಾತ್ರ ಏನೂ ಆಗಲಿಲ್ಲ. ವ್ಯಾಪಾರಿಗೆ ಅರ್ಥವಾಗಲಿಲ್ಲ. ಒಂದೊಂದು ಸತ್ತಾಗಲೂ ಅವನು ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ ಇನ್ನಷ್ಟು ತಿಕ್ಕಿದ. ಬಿಂದಿಗೆ ಹೊಳೆಯಿತು. ತೊಟ್ಟಿ ಬರಿದಾಯಿತು. ಪಟ್ಟಣಕ್ಕೆ ಫೋನು ಮಾಡಿದಾಗ ಹವಳ ಬೆಳೆಸುವವನು, “ಸೋಸಿದ ನೀರನ್ನೇ ಹಾಕುತ್ತಿದ್ದೀರಿ ತಾನೇ?” ಎಂದು ಕೇಳಿದ. “ಅದಕ್ಕಿಂತ ಒಳ್ಳೆಯದನ್ನು ಹಾಕುತ್ತಿದ್ದೇನೆ” ಎಂದು ವ್ಯಾಪಾರಿ ಫೋನಿಟ್ಟುಬಿಟ್ಟ.

ಮಳೆಗಾಲ ಬಂತು. ಮಾವ ಬರಲು ಇನ್ನು ಮೂರು ವಾರ. ವ್ಯಾಪಾರಿ ಹೆಂಡತಿಗೆ ಹೇಳಿದ. “ನಾಳೆ ಸಂತೆಯಿಂದ ಬಂದು ತೊಟ್ಟಿಯನ್ನು ಬಿಚ್ಚಿಹಾಕುತ್ತೇನೆ. ನಿಮ್ಮಪ್ಪ ಬಂದು ನೋಡುವ ಮೊದಲು ಬಿಚ್ಚಿದರೆ ಮರ್ಯಾದೆ ಉಳಿಯುತ್ತದೆ. ಬೆಳಿಗ್ಗೆ ನಾನು ಬೇಗ ಹೊರಡಬೇಕು. ನಾಳೆ ಒಂದು ದಿನ ನೀನೇ ನೀರು ತುಂಬು. ಬಿಂದಿಗೆಯದ್ದನ್ನೇ ಹಾಕು.”

(ಇಲ್ಲಿ ಉಸ್ತಾದರು ನನ್ನ ಮುಖ ನೋಡಿದರು. ನಾನು ಅಖಾಡದ ಮಣ್ಣು ನೋಡಿದೆ.)

ಹೆಂಡತಿ ಬಿಂದಿಗೆಯ ಕಡೆ ನೋಡಿದಳು. “ಇಷ್ಟು ದಿನ ಇದರ ನೀರನ್ನೇ ಹಾಕುತ್ತಿದ್ದಿರಾ?”

“ಇದಕ್ಕಿಂತ ಶುದ್ಧವಾದದ್ದು ಈ ಮನೆಯಲ್ಲಿ ಇನ್ನೇನಿದೆ?”

“ನಮ್ಮಪ್ಪ ವರ್ಷ ವರ್ಷವೂ ದೋಣಿಯ ತಳಕ್ಕೆ ತಾಮ್ರದ ಬಣ್ಣ ಬಳಿಯುತ್ತಾರೆ. ಯಾಕೆ ಗೊತ್ತೇ? ಚಿಪ್ಪು, ಹುಳು, ಪಾಚಿ ಒಂದೂ ಹತ್ತಬಾರದು ಅಂತ. ಹತ್ತಿದ್ದು ಸಾಯಬೇಕು ಅಂತ.”

ವ್ಯಾಪಾರಿ ಬಿಂದಿಗೆ ನೋಡಿದ. ತೊಟ್ಟಿ ನೋಡಿದ. “ನಾನು ಹುಟ್ಟಿದಾಗಿನಿಂದ ಇದರಲ್ಲೇ ಕುಡಿಯುತ್ತಿದ್ದೇನೆ. ನನಗೇನೂ ಆಗಿಲ್ಲವಲ್ಲ” ಎಂದ.

“ನೀವೇನು ಬಸವನಹುಳುವೇ?”

ವ್ಯಾಪಾರಿ ತೊಟ್ಟಿಯ ಕಟ್ಟೆಯ ಅಂಚಿನಲ್ಲಿ ಕೂತ. “ಎಲ್ಲವನ್ನೂ ನನ್ನ ಕೈಯಾರೆ ಕೊಂದೆ. ಇನ್ನೇನು ಉಳಿಯಿತು, ಬಿಡು” ಎಂದ. ಹೆಂಡತಿ ಗಾಜಿಗೆ ಹಣೆಯಿಟ್ಟು ಬಹಳ ಹೊತ್ತು ಹುಡುಕಿದಳು. ಕೊನೆಗೆ ಒಂದು ಕಲ್ಲಿನ ಸಂದಿಗೆ ಬೆರಳು ತೋರಿಸಿದಳು. ಅಲ್ಲಿ ಅಂಗಿಯ ಗುಂಡಿಯಷ್ಟು ಹವಳ ಮುದುಡಿ ಕೂತಿತ್ತು.

“ಅದೂ ಸತ್ತಿದೆ” ಎಂದ ವ್ಯಾಪಾರಿ.

“ಸತ್ತಿದ್ದರೆ ಇಷ್ಟು ಹೊತ್ತಿಗೆ ಕರಗುತ್ತಿತ್ತು. ಇದು ಮುಚ್ಚಿಕೊಂಡಿದೆ, ಅಷ್ಟೇ. ಬದುಕಿರುವುದಕ್ಕೇ ಮುಚ್ಚಿಕೊಂಡಿದೆ.”

ವ್ಯಾಪಾರಿ ಅಂದೇ ನೀರನ್ನೆಲ್ಲ ಚೆಲ್ಲಿ ಹೊಸದು ತುಂಬಲು ಹೊರಟ. ಹೆಂಡತಿ ಫೋನು ಕೈಗೆ ಕೊಟ್ಟಳು. ಈ ಸಲ ಅವನು ಎಲ್ಲವನ್ನೂ ಹೇಳಿದ, ಎಲ್ಲವನ್ನೂ ಕೇಳಿದ. “ಅವಸರ ಬೇಡ. ಒಂದೇ ಸಲ ಬದಲಿಸಿದರೆ ಉಳಿದದ್ದೂ ತಡೆಯುವುದಿಲ್ಲ. ವಾರಕ್ಕೆ ಐದರಲ್ಲಿ ಒಂದು ಪಾಲು ಬದಲಿಸಿ. ತಾಮ್ರ ಹೀರುವ ಇದ್ದಿಲಿನ ಚೀಲ ಕಳಿಸುತ್ತೇನೆ, ಇಳಿಬಿಡಿ. ಕಲ್ಲು ಕುಡಿದ ತಾಮ್ರ ಒಂದು ದಿನಕ್ಕೆ ಬಿಡುವುದಿಲ್ಲ” ಎಂದ ಹವಳ ಬೆಳೆಸುವವನು. ಮಾರನೆಯ ದಿನದಿಂದ ವ್ಯಾಪಾರಿ ಹೊಸದಾಗಿ ತಂದ ಪ್ಲಾಸ್ಟಿಕ್ ಬಕೆಟಿನಲ್ಲಿ ನೀರು ಹೊತ್ತ. ಅದಕ್ಕೆ ಹೊಳಪೂ ಇರಲಿಲ್ಲ, ಅಜ್ಜನ ಹೆಸರೂ ಇರಲಿಲ್ಲ.

ಮಾವ ಬಂದ. ಕೊಡೆಯನ್ನು ಮೂಲೆಗಿಟ್ಟು ನೇರ ತೊಟ್ಟಿಯ ಮುಂದೆ ನಿಂತ. ಎರಡು ಮೀನು, ಬೋಳು ಕಲ್ಲುಗಳು. ವ್ಯಾಪಾರಿಗೆ ಹತ್ತು ವರ್ಷದ ಹಿಂದಿನ ಬಾಯಿ ಇರಲಿಲ್ಲ. “ತಿಳಿಯದೆ ಕೆಡಿಸಿಕೊಂಡೆ ಮಾವ. ಸದ್ಯಕ್ಕೆ ಇರುವುದು ಇಷ್ಟೇ” ಎಂದ.

ಮೀನುಗಾರ ನೀರಿಗೆ ಬೆರಳದ್ದಿ ನಾಲಿಗೆಗಿಟ್ಟುಕೊಂಡ. “ಉಪ್ಪು ಸರಿಯಾಗಿದೆ” ಎಂದ.

ಕುರ್ಚಿ ಎಳೆದುಕೊಂಡು ಅಲ್ಲೇ ಕೂತ. ಮಗಳು ಕೊಟ್ಟ ಕಾಫಿ ಕೈಯಲ್ಲೇ ಆರಿತು. ಸಂಜೆಯ ಹೊತ್ತಿಗೆ ಕಲ್ಲಿನ ಸಂದಿಯ ಆ ಹವಳದ ಗುಂಡಿ ಮೆಲ್ಲಗೆ ಸಡಿಲವಾಯಿತು. ಅಂಚಿನಲ್ಲಿ ಹಸಿರು ಎಳೆಗಳು ಒಂದೊಂದಾಗಿ ಹೊರಬಂದವು. ಮೂವರೂ ಉಸಿರು ಹಿಡಿದು ನೋಡಿದರು. ಒಂದು ದಿನಕ್ಕೆಂದು ಬಂದ ಮಾವ ಎಂಟು ದಿನ ಇದ್ದ. ಮರುವರ್ಷ ದೋಣಿಯನ್ನು ದಡಕ್ಕೆಳೆದು ಮತ್ತೆ ಬಂದಾಗ ಆ ಕಲ್ಲಿನ ಮೇಲೆ ಹತ್ತೊಂಬತ್ತು ಹವಳದ ಗುಂಡಿಗಳಿದ್ದವು.

ಉಸ್ತಾದರು ಕತೆ ನಿಲ್ಲಿಸಿದರು.

“ಆ ಬಿಂದಿಗೆಯನ್ನು ಗುಜರಿಗೆ ಹಾಕಿದನೇ?” ಎಂದು ಕೇಳಿದೆ.

“ಯಾಕೆ ಹಾಕಬೇಕು? ಇವತ್ತಿಗೂ ಅದರಲ್ಲೇ ನೀರು ಕುಡಿಯುತ್ತಾನೆ. ಗುಂಡುಕಲ್ಲಿನ ಹಾಗಿದ್ದಾನೆ.”

ನನಗೆ ನಗು ಬಂತು. “ಏನೇ ಹೇಳಿ ಉಸ್ತಾದರೇ, ಆ ವ್ಯಾಪಾರಿ ಪೆದ್ದನೇ. ತನಗೆ ಒಗ್ಗಿದ್ದು ಬಸವನಹುಳುವಿಗೂ ಒಗ್ಗಬೇಕು ಎಂದರೆ ಹೇಗೆ? ನಾನಾಗಿದ್ದರೆ ಮೊದಲ ಹುಳು ಕಳಚಿ ಬಿದ್ದ ದಿನವೇ ಬಿಂದಿಗೆಯನ್ನು ಪಕ್ಕಕ್ಕಿಡುತ್ತಿದ್ದೆ. ಅಷ್ಟು ಬುದ್ಧಿ ನನಗಿದೆ” ಎಂದು ಪಂಚೆ ಕೊಡವಿ ಎದ್ದೆ.

ಉಸ್ತಾದರೂ ಎದ್ದರು. ಸಲಿಕೆ ಕೈಗೆತ್ತಿಕೊಂಡು, ತಳದ ಮಣ್ಣನ್ನು ಒಂದು ಸಲ ಮೇಲಕ್ಕೆ ತಿರುವಿ ಹಾಕಿ ಕೇಳಿದರು:

“ನಾಳೆ ಮುದ್ದಯ್ಯನಿಗೆ ಎಷ್ಟು ದಂಡ ಹೇಳುತ್ತೀಯ?”