ಶುಕ್ರವಾರಕ್ಕೆ ನಿಂತ ಗಡಿಯಾರ

"ಗುರುಗಳೇ, ಮಾಡಿದ ತಪ್ಪನ್ನು ಸರಿಪಡಿಸಿದ ಮೇಲೂ ನಾಚಿಕೆ ಯಾಕೆ ಬಿಡುವುದಿಲ್ಲ?" ಎಂದು ಶಿಷ್ಯ ಕೇಳಿದ.

ಯಾರ ತಪ್ಪು, ಏನು ತಪ್ಪು ಎಂದು ಗುರುಗಳು ವಿಚಾರಿಸಲಿಲ್ಲ. ಒಂದು ಕತೆ ಹೇಳಿದರು.

ಸಮುದ್ರದಂಡೆಯ ಒಂದು ಊರಿನಲ್ಲಿ ಒಬ್ಬ ಗಡಿಯಾರದ ವ್ಯಾಪಾರಿ ಇದ್ದ. ಮಾರುತ್ತಿದ್ದ, ರಿಪೇರಿಯನ್ನೂ ಮಾಡುತ್ತಿದ್ದ. ಕೈಬಾಯಿ ಶುದ್ಧವಿರುವ ಮನುಷ್ಯ ಎಂದು ಊರಿನಲ್ಲಿ ಹೆಸರು. ಆ ಹೆಸರನ್ನು ಎಲ್ಲರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ.

ಒಂದು ಗುರುವಾರ ಬೆಳಿಗ್ಗೆ ಒಬ್ಬ ಮುದುಕ ಅಂಗಡಿಗೆ ಬಂದ. ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು. ಅವನ ಕೈಗಡಿಯಾರದ ಪಟ್ಟಿ ಹರಿದಿತ್ತು. ಕೆಲಸ ಬಿಡುವ ದಿನ ಹಡಗಿನ ಕಪ್ತಾನ ತನ್ನ ಕೈಯಿಂದ ಬಿಚ್ಚಿ ಕೊಟ್ಟ ಗಡಿಯಾರ ಅದು. ಚಿಕ್ಕದು, ಬಂಗಾರದ್ದಲ್ಲ, ಬರೀ ಉಕ್ಕಿನದು. ಒಂದು ಕಿಂಡಿಯಲ್ಲಿ ವಾರ, ಇನ್ನೊಂದರಲ್ಲಿ ತಿಂಗಳು, ಸುತ್ತಲಿನ ಅಂಚಿನಲ್ಲಿ ತಾರೀಖು, ಕೆಳಗಡೆ ದಿನದಿನಕ್ಕೆ ಹೆಚ್ಚುವ ಕುಗ್ಗುವ ಒಂದು ಚಂದ್ರ. ಈಗಿನವರಿಗೆ ಬೇಕಾದದ್ದು ಅಂಗೈಯಗಲದ ಹೊಳೆಯುವ ಗಡಿಯಾರ. ಇಂಥದ್ದನ್ನು ಯಾರು ನೋಡುತ್ತಾರೆ? ವ್ಯಾಪಾರಿ ಅದನ್ನು ಗಿರಾಕಿಗಳ ಮುಂದೆ ಎತ್ತಿ ಹಿಡಿದು, "ಇದು ಗಡಿಯಾರವಾ ಪಂಚಾಂಗವಾ ಅಜ್ಜರೆ? ಕೈಗೆ ಕಟ್ಟುವ ಬದಲು ಗೋಡೆಗೆ ನೇತುಹಾಕಿ" ಎಂದ. ಗಿರಾಕಿಗಳು ನಕ್ಕರು. ಮುದುಕನೂ ಅವರ ಜೊತೆ ನಕ್ಕುಬಿಟ್ಟ.

ಹೊಸ ಪಟ್ಟಿ ಹಾಕುವಾಗ ಹಿಂದಿನ ಮುಚ್ಚಳದ ಮೇಲಿದ್ದ, ಗಡಿಯಾರ ಮಾಡಿದವನ ಸಣ್ಣ ಗುರುತು ವ್ಯಾಪಾರಿಯ ಕಣ್ಣಿಗೆ ಬಿತ್ತು. ಧೂಳು ಊದುವವನ ಹಾಗೆ ಮುಚ್ಚಳ ತೆಗೆದು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಒಳಗೆ ನೋಡಿದ. ಅಂಥ ಕೆಲಸವನ್ನು ಅವನು ಅಲ್ಲಿಯವರೆಗೆ ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದ. ವಾರ, ತಿಂಗಳು, ತಾರೀಖು, ಚಂದ್ರ ಎಲ್ಲವನ್ನೂ ನಡೆಸುವ ಚಕ್ರಗಳು ಸಾಸಿವೆಗಿಂತ ಸ್ವಲ್ಪ ದೊಡ್ಡವು. ಯಾರ ಕಣ್ಣಿಗೂ ಬೀಳದ ಒಳಮೈಯನ್ನೂ ಮಾಡಿದವನು ಉಜ್ಜಿ ಉಜ್ಜಿ ನುಣುಪು ಮಾಡಿದ್ದ. ಇಂಥದ್ದೊಂದು ಕೈಗೆ ಬರಲಿ ಎಂದು ಮೂವತ್ತು ವರ್ಷ ಕಾದವನು, ಅದು ಬಂದಾಗ ನಾಲ್ಕು ಜನರ ಮುಂದೆ ಹಲ್ಲು ಕಿರಿದಿದ್ದ. ಅವನಿಗೆ ನಾಚಿಕೆಯಾಯಿತು. ಆದರೆ ಆ ನಾಚಿಕೆ ಬೇಗ ಹೋಯಿತು, ಏಕೆಂದರೆ ಅದರ ಹಿಂದೆಯೇ ಆಸೆ ಬಂತು.

"ಒಳಗೆ ಚಕ್ರದ ಹಲ್ಲು ಸವೆದಿದೆ ಅಜ್ಜರೆ. ನಾಲ್ಕು ದಿನ ಬಿಟ್ಟು ಹೋಗಿ" ಎಂದ.

ಮುದುಕ ಹಿಂದೆಮುಂದೆ ನೋಡಿದ. "ಮನೆಯಲ್ಲಿ ಅವಳಿಗೆ ಬೆಳಿಗ್ಗೆ ಇದು ಬೇಕಾಗ್ತದೆ ಮಾರಾಯ್ರೆ" ಎಂದ. ಯಾಕೆ ಎಂದು ವ್ಯಾಪಾರಿ ಕೇಳಲಿಲ್ಲ. ಕೇಳಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮುದುಕ ಗಡಿಯಾರ ಬಿಟ್ಟು ಹೋದ.

ವ್ಯಾಪಾರಿಯ ಯೋಚನೆ ಸರಳವಾಗಿತ್ತು. ಹಳೆಯದು ಇನ್ನು ರಿಪೇರಿಯಾಗುವುದಿಲ್ಲ ಎನ್ನುವುದು, ಬದಲಿಗೆ ಒಂದು ಹೊಚ್ಚಹೊಸ ಗಡಿಯಾರ ಕೊಡುವುದು. ಮುದುಕ ಕುಣಿದುಕೊಂಡು ಹೋಗುತ್ತಾನೆ. ಇದರಲ್ಲಿ ಮೋಸವೆಲ್ಲಿ ಬಂತು? ಕಿವಿಗೆ ಹೂ ಇಡುವವರು ಮೊದಲು ತಮ್ಮ ಕಿವಿಗೇ ಇಟ್ಟುಕೊಳ್ಳುತ್ತಾರೆ. ಅಂಗಡಿ ಖಾಲಿಯಾದಾಗಲೆಲ್ಲ ಅವನು ಪೆಟ್ಟಿಗೆ ತೆರೆದು ಅದನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದ. ನೋಡಿದಷ್ಟೂ ಚೆಂದ. ಕೀಲಿ ಮಾತ್ರ ಕೊಡಲಿಲ್ಲ. ತನ್ನದಾಗಲಿರುವ ಗಡಿಯಾರದ ಚಕ್ರ ಸುಮ್ಮನೆ ಸವೆಯುವುದು ಬೇಡವೆಂದುಕೊಂಡ. ಶುಕ್ರವಾರ ಸಂಜೆ ಅದು ನಿಂತಿತು.

ಸೋಮವಾರ ಮುದುಕ ಬರಲಿಲ್ಲ. ಮಂಗಳವಾರ ವ್ಯಾಪಾರಿಯೇ ಹೊಸ ಗಡಿಯಾರದ ಡಬ್ಬಿ ಹಿಡಿದು ಅವನ ಮನೆಗೆ ಹೋದ. ಮುದುಕ ಹಟ ಹಿಡಿದರೆ ತೋರಿಸಲು ಇರಲಿ ಎಂದು ಹಳೆಯದೂ ಜೇಬಿನಲ್ಲಿತ್ತು.

ಜಗಲಿಯಲ್ಲಿ ಮುದುಕನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಮುಂದೆ ಮುಟ್ಟದ ಗಂಜಿಯ ಬಟ್ಟಲು. "ಇವತ್ತು ಎಂತ ವಾರ?" ಎಂದು ಬಂದವನನ್ನು ಕೇಳಿದಳು. ಮಂಗಳವಾರ ಎಂದ. ಅವಳು ನಂಬಲಿಲ್ಲ, ಬಟ್ಟಲನ್ನು ದೂರ ಸರಿಸಿದಳು.

ಮುದುಕ ಸಂಗತಿ ತಿಳಿಸಿದ. ಎರಡು ವರ್ಷದಿಂದ ಅವಳಿಗೆ ಮರೆವು. ಸೋಮವಾರ ಉಪವಾಸ, ಸಂಕಷ್ಟಿಗೆ ಉಪವಾಸ. ಹೆತ್ತ ಮಗಳ ಹೆಸರು ಮರೆತಿದ್ದಳು, ವ್ರತ ಮರೆತಿರಲಿಲ್ಲ. ಉಣ್ಣಿಸುವುದಕ್ಕಾಗಿ ಎಲ್ಲರೂ ಸುಳ್ಳು ಹೇಳುತ್ತಾರೆಂದು ಅವಳಿಗೆ ಅನುಮಾನ. ಆ ಗಡಿಯಾರವೊಂದನ್ನು ನಂಬುತ್ತಿದ್ದಳು. ವಾರದ ಮೂರು ಇಂಗ್ಲಿಷ್ ಅಕ್ಷರಗಳ ಗುರುತು ಅವಳಿಗಿತ್ತು. ಅದನ್ನು ನೋಡಿ, ಚಂದ್ರನನ್ನು ನೋಡಿ, ಆಮೇಲೆ ಉಣ್ಣಲು ಕೂರುತ್ತಿದ್ದಳು. ಗಡಿಯಾರ ಹೋದ ಮೇಲೆ ಅವಳಿಗೆ ಯಾವ ದಿನವೂ ಉಪವಾಸದ ದಿನವೇ ಇರಬಹುದು. ಇದು ಐದನೆಯ ದಿನ. ಹೊಟ್ಟೆಗೆ ಇಳಿದದ್ದು ಒಂದೊಂದು ಲೋಟ ಹಾಲು.

"ಬಿಚ್ಚಿಟ್ಟ ಕೆಲಸಕ್ಕೆ ಅವಸರ ಮಾಡಬಾರದು ಅಂತ ಸುಮ್ಮನಿದ್ದೆ" ಎಂದ ಮುದುಕ.

ವ್ಯಾಪಾರಿಯ ಕೈ ತಾನಾಗಿ ಜೇಬಿಗೆ ಹೋಯಿತು. ಹಳೆಯ ಗಡಿಯಾರವನ್ನು ತೆಗೆದು, "ಸರಿಯಾಗಿದೆ" ಎಂದು ಕೊಟ್ಟ.

ಮುದುಕ ಅದನ್ನು ಕಿವಿಗೆ ಹಿಡಿದ. ಸದ್ದಿರಲಿಲ್ಲ. ಕಿಂಡಿ ನೋಡಿದ. ಶುಕ್ರವಾರ ಎಂದಿತ್ತು. ರಿಪೇರಿ ಮಾಡಿದವನು ಕೀಲಿ ಕೊಡದೆ, ದಿನ ಸರಿಮಾಡದೆ ಗಡಿಯಾರ ಹಿಂದಿರುಗಿಸುವುದುಂಟೇ? ಅವನು ತಲೆಯೆತ್ತಿ ವ್ಯಾಪಾರಿಯ ಮುಖವನ್ನು ಒಂದು ಸಲ ನೋಡಿದ.

"ಎಂತ ಹಾಳಾಗಿತ್ತು ಮಾರಾಯ್ರೆ?" ಎಂದು ಮೆಲ್ಲಗೆ ಕೇಳಿದ.

"ಧೂಳು. ಸ್ವಲ್ಪ ಧೂಳಿತ್ತು" ಎಂದ ವ್ಯಾಪಾರಿ.

"ಹೌದಾ" ಎಂದ ಮುದುಕ. ಕೀಲಿ ಕೊಟ್ಟ. ಮಾಡಿನ ಸಂದಿಯಿಂದ ಒಂದು ಸೂಜಿ ತೆಗೆದು, ಗಡಿಯಾರದ ಮಗ್ಗುಲಲ್ಲಿದ್ದ ಸಣ್ಣ ಗುಂಡಿಗಳನ್ನು ಒತ್ತತೊಡಗಿದ. ವಾರಕ್ಕೆ ನಾಲ್ಕು ಸಲ, ತಾರೀಖಿಗೆ ನಾಲ್ಕು ಸಲ, ಚಂದ್ರನಿಗೆ ನಾಲ್ಕು ಸಲ. ಒಂದೊಂದು ಒತ್ತಿಗೂ ವ್ಯಾಪಾರಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಮುದುಕಿ ಗಡಿಯಾರವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಓದಿದಳು. "ಮಂಗಳವಾರ. ಹಾಗಾದರೆ ಉಣ್ಣಬಹುದು" ಎಂದು ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ಎರಡು ತುತ್ತು ಉಂಡ ಮೇಲೆ ನಿಂತಿದ್ದವನ ನೆನಪಾಗಿ, ಇವರಿಗೂ ಒಂದು ಬಟ್ಟಲು ಬಡಿಸಿ ಎಂದು ಗಂಡನಿಗೆ ಹೇಳಿದಳು. ವ್ಯಾಪಾರಿ ಅವಳೆದುರು ಕೂತು ಗಂಜಿ ಉಂಡ. ಹೊರಡುವಾಗ ಮುದುಕ ಗೇಟಿನ ತನಕ ಬಂದು, ನಿಮಗೆ ತುಂಬ ತೊಂದರೆಯಾಯಿತು ಎಂದು ಕೈಮುಗಿದ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವನ ಮಾನ ಊರಿನಲ್ಲಿ ಕೂದಲೆಳೆಯಷ್ಟೂ ಹೋಗಲಿಲ್ಲ. ಕೈಬಾಯಿ ಶುದ್ಧವಿರುವ ಮನುಷ್ಯ ಎಂದೇ ಎಲ್ಲರೂ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಮೇಜಿನ ಮೇಲೆ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸುತ್ತಿದ್ದ. ಬೀದಿಯಲ್ಲಿ ಮುದುಕ ಎದುರಾಗುವಂತಿದ್ದರೆ ಮೊದಲೇ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಅವನು ಆಮೇಲೆ ಎಂದಾದರೂ ಮುದುಕನಿಗೆ ನಿಜ ಹೇಳಿದನೇ?"

ಗುರುಗಳು ಹೇಳಿದರು: "ಅವನ ವಿಷಯ ಹಾಗಿರಲಿ, ನೀನು ಯಾವಾಗ ಹೇಳುತ್ತೀಯಪ್ಪ?"