ಕೌದಿಯ ಕೊನೆಯ ಮೂಲೆ

ಹೊಳೆದಂಡೆಯ ಮಠದಲ್ಲಿ ಮಡಿವಾಳಜ್ಜ ಎಂಬ ಗುರುಗಳಿದ್ದರು. ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು.

ಊರಿನಲ್ಲಿ ಕೌದಿ ಹೊಲಿಯುವ ಫಕೀರವ್ವನಿಗೆ ತೀರಾ ವಯಸ್ಸಾಗಿತ್ತು. ಹಳೆಯ ಸೀರೆ, ಧೋತರದ ತುಂಡುಗಳನ್ನು ಸೇರಿಸಿ ಹೊಲಿಯುವಾಗಿನ ಪದ್ಧತಿ, ನಂಬಿಕೆಗಳೆಲ್ಲ ಅವಳ ನೆನಪಿನಲ್ಲಿ ಮಾತ್ರ ಉಳಿದಿದ್ದವು. ಅವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಾ ಎಂದು ಅಜ್ಜ ಶಿಷ್ಯ ಬಸಲಿಂಗನನ್ನು ಕಳಿಸಿದರು.

ಬಸಲಿಂಗ ಹಿಗ್ಗುತ್ತ ಮರಳಿದ. ಮುದುಕಿ ಎಲ್ಲ ಹೇಳಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯ ಹೊಟ್ಟೆಗೆ ಏನೋ ಒಂದು ಇಟ್ಟು, ಹೊದೆಯುವವರ ಹೆಸರು ಹೇಳಿ ಹೊಲಿಯುತ್ತಾರಂತೆ. ಆ ಮೂಲೆ ಬಿಚ್ಚಿದರೆ ಕೌದಿ ಹೊದ್ದವರನ್ನು ಕಾಯುವುದಿಲ್ಲವಂತೆ. ಆಮೇಲೆ ಪೂರ್ತಿ ಬಿಚ್ಚಿ ಮೊದಲಿನಿಂದ ಹೊಲಿಯಬೇಕಂತೆ. ಒಳಗೆ ಏನಿಡುತ್ತೀ ಎಂದು ಕೇಳಿದರೆ ಮಾತ್ರ ಅವಳು ಬಾಯಿ ಬಿಡಲಿಲ್ಲ.

“ನಾನೂ ಬಿಡ್ಲಿಲ್ರಿ ಅಜ್ಜಾರ. ಆಯಿ ನೀರಿಗೆ ಹೋದಾಗ ಬ್ಲೇಡಿನಿಂದ ಮೂಲಿ ಬಿಚ್ಚಿ ಫೋಟೋ ತಗೊಂಡೆ. ಬರೇ ರೊಟ್ಟಿ ಚೂರು.”

ಮತ್ತೆ ಹೊಲಿದು ಇಟ್ಟು ಬಂದಿದ್ದನಂತೆ. ಅದನ್ನು ಜಾಣತನ ಅಂದುಕೊಂಡಿದ್ದ, ಅಡ್ನಾಡಿ.

“ಆ ಕೌದಿ ಯಾರಿಗಿ?” ಅಜ್ಜ ಕೇಳಿದರು.

ಮುದುಕಿಯ ಮೊಮ್ಮಗಳು ದ್ಯಾಮವ್ವನ ಕೂಸಿಗೆ ಎಂದ. ಮೊದಲ ಕೂಸು ಉಳಿದಿರಲಿಲ್ಲ. ಈಗ ಮತ್ತೆ ದಿನ ತುಂಬಿತ್ತು.

ಅಜ್ಜ ದಡಕ್ಕನೆ ಎದ್ದರು. ಶಿಷ್ಯನ ರಟ್ಟೆ ಹಿಡಿದು ಬರಿಗಾಲಲ್ಲೇ ಊರಿಗೆ ಎಳೆದುಕೊಂಡು ಹೋದರು.

ಫಕೀರವ್ವ ಕಟ್ಟೆಯ ಮೇಲೆ ಕೂತು ಕೌದಿಯ ಹೊಲಿಗೆಯನ್ನು ಕಿತ್ತು ಕಿತ್ತು ಹಾಕುತ್ತಿದ್ದಳು. ಹೊಲಿಗೆ ತನ್ನದಲ್ಲವೆಂದು ಕೈಯಾಡಿಸಿದ ಕೂಡಲೇ ತಿಳಿದಿತ್ತು. ಬಸಲಿಂಗನ ಕಡೆ ಅವಳು ನೋಡಲೂ ಇಲ್ಲ.

“ಎಲ್ಲಾ ಹೇಳಿದ್ನಲ್ರಿ ಅಜ್ಜಾರ,” ಎಂದಳು. “ನನಗಂತ ಒಂದು ಮೂಲಿ ಬಿಡಬಾರದಿತ್ತೇನ್ರಿ?”

ಬಸಲಿಂಗ ತಪ್ಪಾಯಿತು ಎಂದ. ಫೋಟೋ ಅಳಿಸಿಬಿಡುತ್ತೇನೆ ಎಂದ.

“ಅಳಿಸಿದ್ರ ಹೊಲಿಗಿ ಕೂಡ್ತೈತೇನು?” ಅಜ್ಜ ಗದರಿದರು.

ತಾನೇ ಹೊಲಿದು ಕೊಡುತ್ತೇನೆಂದು ಅವನು ಕೈ ಚಾಚಿದ. ಮುದುಕಿ ಕೌದಿಯನ್ನು ಎದೆಗೆ ಅವುಚಿಕೊಂಡಳು.

“ಕೌದಿ ಮುಟ್ಟಬ್ಯಾಡ,” ಎಂದರು ಅಜ್ಜ. “ಆಕಿಗೆ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿ ಕೊಡು. ಮುಗಿಯೂತನಕ ಇಲ್ಲೇ ಕೂಡು.”

ಬಸಲಿಂಗ ಕೂತ. ಮುದುಕಿ ಸೂಜಿಯನ್ನು ಅವನ ಕೈಯಿಂದ ಕಿತ್ತುಕೊಂಡು ಹೊಲಿದಳು, ದಾರ ಮುಗಿದಾಗ ಅವನ ಮುಂದೆ ಒಗೆದಳು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಹೋದರು. ಅವನಿಗೆ ಅವಮಾನವಾಯಿತು, ಆಮೇಲೆ ಸಿಟ್ಟೂ ಬಂತು.

“ಅಜ್ಜಾರ,” ತಗ್ಗಿದ ದನಿಯಲ್ಲಿ ಕೇಳಿದ, “ರೊಟ್ಟಿ ಚೂರು ಕೂಸಿನ್ನ ಕಾಯ್ತೈತಿ ಅಂತ ನೀವೂ ನಂಬ್ತೀರೇನು?”

“ಇಲ್ಲ,” ಎಂದರು ಅಜ್ಜ. “ಆದ್ರ ನಾಳೆ ಆ ಕೂಸು ಒಮ್ಮೆ ಕೆಮ್ಮಿದ್ರ, ಎದಿ ಒಡದು ಎದ್ದು ಕೂಡಾಕಿ ಈಕಿ. ನೀನಲ್ಲ.”